ಜೀವ ಸಿಕ್ಕಿತು ಅಂತ ಆಗಾಗ ಸುದ್ದಿ ಬರುತ್ತದೆ, ಆಮೇಲೆ ಸದ್ದಿಲ್ಲ ಯಾಕೆ?

ಪ್ರಶ್ನೆ: ಭೂಮಿಯಾಚೆ ಜೀವದ ಕುರುಹು ಸಿಕ್ಕಿದೆ ಅಂತ ಆಗಾಗ ದೊಡ್ಡ ಸುದ್ದಿ ಬರುತ್ತದೆ. 2020ರಲ್ಲಿ ಶುಕ್ರ ಗ್ರಹ, 2025ರಲ್ಲಿ ಕೆ2-18ಬಿ ಎಂಬ ದೂರದ ಗ್ರಹ, ಅದೇ ವರ್ಷ ಮಂಗಳದ ಚುಕ್ಕೆ ಕಲ್ಲು. ನಾಲ್ಕು ದಿನ ಗದ್ದಲ, ಆಮೇಲೆ ಏನೂ ಇಲ್ಲ. ಸಿಕ್ಕಿದ್ದನ್ನು ಮುಚ್ಚಿಡುತ್ತಾರಾ? ಅಥವಾ ಹಣಕ್ಕಾಗಿ ಸುಮ್ನೆ ಊದಿ ಹೇಳುತ್ತಾರಾ? ನಾವು ಬದುಕಿರುವಾಗ ಇದಕ್ಕೊಂದು ಉತ್ತರ ಸಿಗುತ್ತದಾ?

ಉತ್ತರ:

ಮುಚ್ಚಿಡುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಅನುಮಾನ ನಿಮ್ಮೊಬ್ಬರದಲ್ಲ. ಬೇರೆ ಲೋಕದ ಜೀವವನ್ನು ಮೊದಲು ಕಂಡವರ ಹೆಸರು ಶಾಶ್ವತವಾಗಿ ಉಳಿಯುತ್ತದೆ, ಅಂಥದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವಷ್ಟು ಸಂಯಮ ಇರುವ ವಿಜ್ಞಾನಿಯನ್ನು ನಾನಂತೂ ನೋಡಿಲ್ಲ. ಮುಚ್ಚಿಡಬೇಕು ಅಂದುಕೊಂಡರೂ ಆಗುವ ಮಾತಲ್ಲ. ಪರ್ಸಿವರೆನ್ಸ್ ರೋವರ್ ಮಂಗಳದಿಂದ ಕಳಿಸುವ ಕಚ್ಚಾ ಫೋಟೋಗಳನ್ನು ನಾಸಾ ಅಂತರ್ಜಾಲಕ್ಕೆ ಹಾಕುತ್ತದೆ, ನೀವೂ ನೋಡಬಹುದು. ಜೇಮ್ಸ್ ವೆಬ್ ಟೆಲಿಸ್ಕೋಪಿನ ಅಳತೆಗಳು ಹೆಚ್ಚೆಂದರೆ ಒಂದು ವರ್ಷದಲ್ಲಿ ಎಲ್ಲರಿಗೂ ಸಿಗುತ್ತವೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅದೇ ಅಳತೆ ಇಟ್ಟುಕೊಂಡು ಕೆದಕುವುದು ಇಲ್ಲಿ ದಿನನಿತ್ಯದ ಕೆಲಸ.

ಊದಿ ಹೇಳುವುದು? ಅದು ಇದೆ, ಇಲ್ಲ ಅನ್ನುವುದಿಲ್ಲ. ಸಂಶೋಧನಾ ಲೇಖನದಲ್ಲಿ "ಸಾಧ್ಯತೆಯನ್ನು ತಳ್ಳಿಹಾಕಲಾಗದು" ಅಂತ ಇದ್ದದ್ದು ಪತ್ರಿಕಾ ಪ್ರಕಟಣೆಗೆ ಬರುವಾಗ "ಸುಳಿವು" ಆಗುತ್ತದೆ, ಟಿವಿಗೆ ಬರುವಾಗ "ಏಲಿಯನ್" ಆಗುತ್ತದೆ.

ಆದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಬೇರೆ. ಜೀವದ ಕುರುಹು ಸಿಗುವುದು ಅಷ್ಟೇನೂ ಕಷ್ಟ ಅಲ್ಲ. ಅದೇ ಕುರುಹು ಬೇರೆ ಯಾವುದರಿಂದಲೂ ಬಂದಿರಲಾರದು ಅಂತ ತೋರಿಸುವುದೇ ಕಷ್ಟ. ಈ "ಬೇರೆ ಯಾವುದು" ಅನ್ನುವ ಪಟ್ಟಿ ಬಹಳ ಉದ್ದ. ಕಲ್ಲು ನೀರುಗಳ ನಡುವೆ ತನ್ನಷ್ಟಕ್ಕೆ ನಡೆಯುವ ರಸಾಯನ ಇದೆ, ಬಿಸಿಲು ಮಾಡುವ ಕಿತಾಪತಿ ಇದೆ, ಉಪಕರಣದ ದೋಷ ಇದೆ, ಲೆಕ್ಕ ಹಾಕುವಾಗಿನ ತಪ್ಪು ಇದೆ. ಎಲ್ಲಕ್ಕಿಂತ ಜಾಸ್ತಿ ಕಾಡುವವರು ನಾವೇ.

ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಆದದ್ದು ಹೇಳುತ್ತೇನೆ. ಉಲ್ಕಾಶಿಲೆಯಲ್ಲಿ ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಯಂಥ ಅಣು, ಎಷ್ಟಿದೆ ಅಂತ ಅಳೆಯುವ ಕೆಲಸ. ಚಿಟಿಕೆ ಪುಡಿಯನ್ನು ಗಾಜಿನ ಕೊಳವೆಗೆ ಹಾಕಬೇಕು, ಅತಿ ಶುದ್ಧ ನೀರು ಸೇರಿಸಬೇಕು, ಕೊಳವೆಯ ಬಾಯನ್ನು ಉರಿಯಲ್ಲಿ ಕರಗಿಸಿ ಮುಚ್ಚಿ 100 ಡಿಗ್ರಿಯಲ್ಲಿ ಒಂದಿಡೀ ದಿನ ಇಡಬೇಕು. ಆ ನೀರನ್ನು ಹದ ಮಾಡಿ ಯಂತ್ರಕ್ಕೆ ಕೊಟ್ಟರೆ ಪರದೆಯ ಮೇಲೆ ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಪೀಕ್ ಏಳುತ್ತದೆ. ಒಂದು ಸಂಜೆ ಸೆರೀನ್ ಅನ್ನುವ ಅಮೈನೋ ಆಮ್ಲದ ಪೀಕ್ ಎದ್ದಿತು, ಚೆನ್ನಾಗಿ, ಎತ್ತರಕ್ಕೆ. ಸೆರೀನ್ ಬೇಗ ಹಾಳಾಗುವ ಸರಕು, 450 ಕೋಟಿ ವರ್ಷದ ಕಲ್ಲಿನಲ್ಲಿ ಅದು ಇಷ್ಟೊಂದು ಇರುವುದಾದರೂ ಹೇಗೆ ಅಂತ ನನಗೆ ಎದೆ ಡವಡವ. ನಮ್ಮ ಮೇಡಂ ಬಂದು ಪರದೆ ನೋಡಿದರು. "ಬ್ಲ್ಯಾಂಕ್ ಹಾಕಿದ್ದೀಯಾ?" ಅಂತ ಮಾತ್ರ ಕೇಳಿದರು.

ಬ್ಲ್ಯಾಂಕ್ ಅಂದರೆ ಕಲ್ಲಿನ ಪುಡಿಯೇ ಇಲ್ಲದ ಖಾಲಿ ಕೊಳವೆ. ಅದಕ್ಕೂ ಅದೇ ನೀರು, ಅದೇ ಉರಿ, ಅದೇ ಯಂತ್ರ. ಅದರಲ್ಲಿ ಏನು ಕಂಡರೂ ಅದು ಕಲ್ಲಿನದಲ್ಲ, ನಮ್ಮದು. ಹಾಕಿ ನೋಡಿದೆ. ಸೆರೀನ್ ಅಲ್ಲೂ ಎದ್ದು ನಿಂತಿತ್ತು. ಮನುಷ್ಯರ ಬೆರಳಚ್ಚಿನಲ್ಲಿ ಸೆರೀನ್ ಧಾರಾಳವಾಗಿ ಇರುತ್ತದೆ, ನಾನು ಎಲ್ಲೋ ಗ್ಲೌಸ್ ಇಲ್ಲದೆ ಗಾಜು ಮುಟ್ಟಿದ್ದೆ. "ಜೀವ ಸಿಕ್ಕಿದೆ, ನಿಜ. ನಿನ್ನದೇ," ಅಂದರು ಮೇಡಂ.

ಈ ಇಡೀ ವಿಷಯದಲ್ಲಿ ಯಾವ ಸುದ್ದಿ ಬಂದರೂ ನನಗೆ ಮೊದಲು ನೆನಪಾಗುವುದು ಆ ಖಾಲಿ ಕೊಳವೆ. ಇನ್ನು ಒಂದೊಂದಾಗಿ ನೋಡೋಣ.

1976ರಲ್ಲಿ ಮಂಗಳಕ್ಕೆ ಇಳಿದ ಎರಡು ವೈಕಿಂಗ್ ನೌಕೆಗಳಿಂದ ಶುರು ಮಾಡುತ್ತೇನೆ. ಬೇರೆ ಗ್ರಹದ ನೆಲದಲ್ಲಿ ನಿಂತು "ಇಲ್ಲಿ ಈಗ ಜೀವ ಇದೆಯಾ" ಅಂತ ನೇರವಾಗಿ ಪರೀಕ್ಷೆ ಮಾಡಿದ್ದು ಇವತ್ತಿನವರೆಗೂ ಅವೆರಡೇ. ಅವುಗಳಲ್ಲಿದ್ದ ಒಂದು ಪ್ರಯೋಗವನ್ನು ಗಿಲ್ಬರ್ಟ್ ಲೆವಿನ್ ಅವರ ತಂಡ ಮಾಡಿತ್ತು. ಉಪಾಯ ಸರಳ, ಚಂದ. ಸ್ವಲ್ಪ ಮಂಗಳದ ಮಣ್ಣು ತೆಗೆದುಕೊಂಡು ಅದರ ಮೇಲೆ ಪೋಷಕಾಂಶ ಬೆರೆತ ಹನಿ ನೀರು ಹಾಕಬೇಕು. ಆ ಪೋಷಕಾಂಶದಲ್ಲಿರುವುದು ವಿಕಿರಣ ಸೂಸುವ ಕಾರ್ಬನ್-14. ಮಣ್ಣಿನಲ್ಲಿ ಏನಾದರೂ ಅದನ್ನು ತಿಂದು ಉಸಿರು ಬಿಟ್ಟರೆ ಮೇಲಿನ ಗಾಳಿಯಲ್ಲಿ ವಿಕಿರಣ ಕಾಣಬೇಕು.

ಕಂಡಿತು! ಹನಿ ಬಿದ್ದ ಸ್ವಲ್ಪ ಹೊತ್ತಿಗೇ ಏರಿಕೆ ಶುರುವಾಯಿತು. ಇನ್ನೊಂದು ಪಾಲು ಮಣ್ಣನ್ನು 160 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಿ, ಇದ್ದದ್ದನ್ನೆಲ್ಲ ಕೊಂದು, ಆಮೇಲೆ ಹನಿ ಹಾಕಿದಾಗ ಏನೂ ಏರಲಿಲ್ಲ. ಮೊದಲೇ ಒಪ್ಪಿಕೊಂಡಿದ್ದ ನಿಯಮದ ಪ್ರಕಾರ ಇದು ಜೀವ ಇದೆ ಅನ್ನುವ ಫಲಿತಾಂಶ. ಹಾಗಿದ್ದರೆ ಪಠ್ಯಪುಸ್ತಕದಲ್ಲಿ ಯಾಕಿಲ್ಲ?

ಎರಡು ತೊಡಕು ಬಂದವು. ಮೊದಲನೆಯದು, ಎರಡನೇ ಸಲ ಹನಿ ಹಾಕಿದಾಗ ಹೊಸದಾಗಿ ಏರಿಕೆ ಆಗಲಿಲ್ಲ, ಇದ್ದ ಅನಿಲವೂ ಸ್ವಲ್ಪ ಇಳಿಯಿತು. ಮೊದಲ ತುತ್ತು ತಿಂದ ಜೀವಿ ಎರಡನೇ ತುತ್ತು ಬೇಡ ಅನ್ನುವುದು ವಿಚಿತ್ರ, ಅಲ್ವಾ? ಮಣ್ಣಿನಲ್ಲಿದ್ದ ಯಾವುದೋ ತೀಕ್ಷ್ಣ ರಾಸಾಯನಿಕ ಮೊದಲ ಹನಿಯಲ್ಲೇ ಖರ್ಚಾಗಿ ಹೋಯಿತು ಅಂದರೆ ಸರಿಹೊಂದುತ್ತದೆ. ಎರಡನೆಯದು, ಅದೇ ನೌಕೆಯ ಇನ್ನೊಂದು ಉಪಕರಣ ಮಣ್ಣನ್ನು 500 ಡಿಗ್ರಿವರೆಗೆ ಕಾಯಿಸಿ ಇಂಗಾಲದ ಅಣುಗಳನ್ನು ಹುಡುಕಿತು. ಮಂಗಳದ್ದು ಅನ್ನುವಂಥ ಏನೂ ಸಿಗಲಿಲ್ಲ. ಇಂಗಾಲದ ಅಣುಗಳೇ ಇಲ್ಲದ ಕಡೆ ಜೀವಿ ಎಲ್ಲಿಂದ? ಕ್ಲೋರೋಮೀಥೇನ್‌ನಂಥ ಒಂದೆರಡು ಅಣು ಸಿಕ್ಕವು, ಆದರೆ ಭೂಮಿಯಲ್ಲಿ ಉಪಕರಣ ತೊಳೆದ ದ್ರಾವಕದ ಉಳಿಕೆ ಅಂತ ಅವನ್ನು ಬದಿಗಿಟ್ಟರು.

ನಾಟಕದ ಮುಂದಿನ ಅಂಕ ಬಂದದ್ದು 32 ವರ್ಷ ಬಿಟ್ಟು. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣ ಇದೆ ಅಂತ ಕಂಡುಹಿಡಿಯಿತು. ತಣ್ಣಗಿದ್ದಾಗ ಅದು ಸುಮ್ನಿರುತ್ತದೆ, ಕಾಯಿಸಿದರೆ ಸುತ್ತಲಿನ ಇಂಗಾಲದ ಅಣುಗಳನ್ನೆಲ್ಲ ಸುಟ್ಟುಹಾಕುತ್ತದೆ. ಹಾಗೆ ಸುಡುವಾಗ ಹುಟ್ಟುವುದು ಏನು ಗೊತ್ತಾ? ಅದೇ ಕ್ಲೋರೋಮೀಥೇನ್. ಅಂದರೆ 1976ರಲ್ಲಿ ಮಂಗಳದ ಇಂಗಾಲದ ಅಣುಗಳು ನಮ್ಮ ಕೈಗೆ ಸಿಕ್ಕಿದ್ದಿರಬಹುದು, ನಾವೇ ಅವನ್ನು ಸುಟ್ಟು, ಸುಟ್ಟ ಬೂದಿಯನ್ನು ನಮ್ಮ ಸಾಬೂನಿನ ಉಳಿಕೆ ಅಂದುಕೊಂಡಿರಬಹುದು. ನನ್ನ ಕಥೆಯಲ್ಲಿ ನನ್ನ ಬೆರಳನ್ನು ಕಲ್ಲಿನದು ಅಂದುಕೊಂಡೆ, ಇಲ್ಲಿ ಅದರ ತಿರುವುಮುರುವು. ಲೆವಿನ್ ಅವರು 2021ರಲ್ಲಿ ತೀರಿಕೊಂಡರು. ನಾವು ಅವತ್ತೇ ಜೀವ ಕಂಡಿದ್ದೆವು ಅನ್ನುವ ಮಾತನ್ನು ಕೊನೆವರೆಗೂ ಬಿಡಲಿಲ್ಲ. ಹೆಚ್ಚಿನವರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಆ ಮನುಷ್ಯ ಕೇಳಿದ ಪ್ರಶ್ನೆ ಹುಚ್ಚಾಟದ್ದಾಗಿರಲಿಲ್ಲ.

ಇಲ್ಲೊಂದು ಪದದ ತಕರಾರು ಹೇಳಿಬಿಡಬೇಕು. "ಮಂಗಳದಲ್ಲಿ ಸಾವಯವ ವಸ್ತು ಪತ್ತೆ" ಅಂತ ಶೀರ್ಷಿಕೆ ಬಂದ ಕೂಡಲೇ ಜನ ಜೀವ ಸಿಕ್ಕಿತು ಅಂದುಕೊಳ್ಳುತ್ತಾರೆ. ಸಾವಯವ ಕೃಷಿ, ಸಾವಯವ ಗೊಬ್ಬರ ಅಂತ ಕೇಳಿ ಕೇಳಿ ಆ ಪದಕ್ಕೆ ಜೀವದ ವಾಸನೆ ಅಂಟಿಬಿಟ್ಟಿದೆ. ರಸಾಯನಶಾಸ್ತ್ರದಲ್ಲಿ ಸಾವಯವ ಅಂದರೆ ಇಂಗಾಲ ಬೆನ್ನೆಲುಬಾಗಿರುವ ಅಣು, ಅಷ್ಟೇ. ಜೀವ ಇಲ್ಲದ ಕಡೆಯೂ ಅದು ರಾಶಿ ರಾಶಿ ಇರುತ್ತದೆ. ಬೆನ್ನು ಎಂಬ ಕ್ಷುದ್ರಗ್ರಹದಿಂದ ಒಸೈರಿಸ್-ರೆಕ್ಸ್ ನೌಕೆ 2023ರ ಸೆಪ್ಟೆಂಬರ್‌ನಲ್ಲಿ 121.6 ಗ್ರಾಂ ಪುಡಿ ತಂದಿತಲ್ಲ, ಅದರಲ್ಲಿ ನಮ್ಮ ದೇಹದ ಪ್ರೋಟೀನುಗಳಲ್ಲಿರುವ 20 ಅಮೈನೋ ಆಮ್ಲಗಳ ಪೈಕಿ 14 ಸಿಕ್ಕವು. ಡಿಎನ್ಎ, ಆರ್‌ಎನ್‌ಎಗಳಲ್ಲಿ ಅಕ್ಷರಗಳ ಹಾಗೆ ಕೆಲಸ ಮಾಡುವ ಐದು ಅಣುಗಳೂ ಸಿಕ್ಕವು. ಆದರೂ ಬೆನ್ನುವಿನಲ್ಲಿ ಜೀವ ಇತ್ತು ಅಂತ ಯಾರೂ ಹೇಳಲಿಲ್ಲ. ಯಾಕೆ ಅನ್ನುವುದು ನನಗೆ ಈ ಇಡೀ ವಿಷಯದಲ್ಲೇ ಅತಿ ಇಷ್ಟದ ಭಾಗ.

ನಿಮ್ಮ ಎರಡು ಅಂಗೈ ನೋಡಿಕೊಳ್ಳಿ. ಎರಡರಲ್ಲೂ ಐದೈದು ಬೆರಳು, ಅದೇ ಜೋಡಣೆ, ಆದರೆ ಬಲಗೈ ಗ್ಲೌಸ್ ಎಡಗೈಗೆ ಹೋಗುವುದಿಲ್ಲ. ಅಮೈನೋ ಆಮ್ಲಗಳಲ್ಲೂ ಹೀಗೆ ಎಡ, ಬಲ ಅಂತ ಎರಡು ರೂಪ ಇವೆ (ಗ್ಲೈಸೀನ್ ಒಂದನ್ನು ಬಿಟ್ಟು). ಭೂಮಿಯ ಜೀವಿಗಳು ಪ್ರೋಟೀನ್ ಕಟ್ಟುವಾಗ ಬರೀ ಎಡದವನ್ನೇ ಬಳಸುತ್ತವೆ. ಜೀವ ಇಲ್ಲದ ರಸಾಯನಕ್ಕೆ ಈ ಹಟ ಇಲ್ಲ, ಎರಡನ್ನೂ ಸಮಸಮ ಮಾಡಿಡುತ್ತದೆ. ಬೆನ್ನುವಿನ ಪುಡಿಯಲ್ಲಿ ಎಡಬಲ ಹೆಚ್ಚುಕಡಿಮೆ ಸಮ ಇದ್ದವು. ಅಂದರೆ ಅವನ್ನು ಮಾಡಿದ್ದು ಜೀವ ಅಲ್ಲ, ಕಲ್ಲಿನೊಳಗಿನ ಉಪ್ಪು ನೀರು ಮತ್ತು ಅಮೋನಿಯ. ಜೊತೆಗೆ ಅವು ನಮ್ಮ ಕೈಯಿಂದ ಅಂಟಿದ್ದೂ ಅಲ್ಲ ಅನ್ನುವುದೂ ಇದರಿಂದಲೇ ಗೊತ್ತಾಯಿತು. ನನ್ನ ಆ ಸೆರೀನ್ ಎಲ್ಲವೂ ಎಡದ್ದೇ ಆಗಿತ್ತು.

ಈಗ ನೀವು ಕೇಳಿದ ಚುಕ್ಕೆ ಕಲ್ಲಿಗೆ ಬರುತ್ತೇನೆ. 2024ರ ಜುಲೈನಲ್ಲಿ ಪರ್ಸಿವರೆನ್ಸ್ ರೋವರ್ ಜೆಜೆರೋ ಕುಳಿಗೆ ಒಂದಾನೊಂದು ಕಾಲದಲ್ಲಿ ನೀರು ತರುತ್ತಿದ್ದ ಒಣ ನದಿಯ ಪಾತ್ರದಲ್ಲಿ ಹೋಗುತ್ತಿತ್ತು. ಅಲ್ಲೊಂದು ಕಲ್ಲು, ಸುಮಾರು ಒಂದು ಮೀಟರ್ ಉದ್ದ, ಬಾಣದ ತುದಿಯ ಆಕಾರ. ಚೆಯಾವಾ ಫಾಲ್ಸ್ ಅಂತ ಹೆಸರಿಟ್ಟರು. ಕೆಸರು ಗಟ್ಟಿಯಾಗಿ ಆದ ಕೆಂಪು ಕಲ್ಲು, ಮೈಮೇಲೆ ಮಿಲಿಮೀಟರ್ ಗಾತ್ರದ ಮಾಸಲು ಚುಕ್ಕೆಗಳು, ಪ್ರತಿ ಚುಕ್ಕೆಗೂ ಕಪ್ಪು ಅಂಚು. ಚಿರತೆ ಚುಕ್ಕೆ ಅಂತಲೇ ಅದನ್ನು ಕರೆಯುತ್ತಾರೆ.

ಅಂದಚಂದಕ್ಕಿಂತ ಮುಖ್ಯ, ಅಂಚಿನಲ್ಲಿರುವ ಖನಿಜ. ಅಲ್ಲಿ ವಿವಿಯನೈಟ್ ಎಂಬ ಕಬ್ಬಿಣದ ಫಾಸ್ಫೇಟ್, ಗ್ರೈಗೈಟ್ ಎಂಬ ಕಬ್ಬಿಣದ ಸಲ್ಫೈಡ್ ಇರುವ ಹಾಗೆ ಕಾಣುತ್ತದೆ, ಪಕ್ಕದಲ್ಲೇ ಇಂಗಾಲದ ಅಣುಗಳಿವೆ. ಭೂಮಿಯಲ್ಲಿ ಕೆರೆ ಸಮುದ್ರಗಳ ತಳದ ಕೆಸರಿನಲ್ಲಿ, ಗಾಳಿ ಸೇರದ ಕಡೆ, ಬದುಕುವ ಬ್ಯಾಕ್ಟೀರಿಯಾಗಳು ಇಂಥ ಖನಿಜ ಮಾಡುತ್ತವೆ. ನಾವು ಆಮ್ಲಜನಕ ಉಸಿರಾಡಿದ ಹಾಗೆ ಅವು ತುಕ್ಕನ್ನೂ ಸಲ್ಫೇಟನ್ನೂ "ಉಸಿರಾಡುತ್ತವೆ", ಅದರ ಉಳಿಕೆ ಈ ಖನಿಜಗಳು. ಜೀವ ಇಲ್ಲದೆಯೂ ಇವು ಹುಟ್ಟಬಹುದು, ಆದರೆ ಸಾಮಾನ್ಯವಾಗಿ ಅದಕ್ಕೆ ಕಾವು ಬೇಕು, ಈ ಕಲ್ಲು ಜೋರಾಗಿ ಕಾದ ಗುರುತು ಇಲ್ಲ. ತಣ್ಣಗಿರುವಾಗಲೇ ಇಂಗಾಲದ ಅಣುಗಳು ನಿಧಾನವಾಗಿ ಕಬ್ಬಿಣದ ಜೊತೆ ವರ್ತಿಸಿ ಹೀಗೆ ಆಗಿರಬಹುದಾ? ಆಗಿರಬಹುದು. ಹಾಗಾಗಿ 2025ರ ಸೆಪ್ಟೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೇಖನ ಇದನ್ನು "ಸಂಭಾವ್ಯ ಜೀವದ ಕುರುಹು" ಅಂತ ಕರೆದು ನಿಲ್ಲಿಸಿತು. ಹೇಡಿತನ ಅಂತ ಕೆಲವರು ನಕ್ಕರು. ನನಗೆ ಅದು ಸರಿಯಾದ ಜಾಗದಲ್ಲಿ ನಿಂತಂತೆ ಕಂಡಿತು. ಅಲ್ಲಿಂದ ಮುಂದೆ ಹೇಳಬೇಕಾದರೆ ಆ ಕಲ್ಲಿನ ತುಂಡು ಭೂಮಿಯ ಪ್ರಯೋಗಾಲಯಕ್ಕೇ ಬರಬೇಕು, ರೋವರ್ ಮೇಲಿನ ಉಪಕರಣಗಳಿಗೆ ಅಷ್ಟು ಕಣ್ಣಿಲ್ಲ.

ಯಾಕಿಷ್ಟು ಎಚ್ಚರ ಅಂದರೆ ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. 1984ರಲ್ಲಿ ಅಂಟಾರ್ಕ್ಟಿಕದಲ್ಲಿ ಮಂಗಳದಿಂದ ಸಿಡಿದು ಬಂದ ಎರಡು ಕಿಲೋಗಿಂತ ಸ್ವಲ್ಪ ಕಡಿಮೆ ತೂಕದ ಉಲ್ಕಾಶಿಲೆ ಸಿಕ್ಕಿತು, ಎಎಲ್‌ಎಚ್84001. 1996ರಲ್ಲಿ ನಾಸಾದ ಡೇವಿಡ್ ಮೆಕೇ ತಂಡ ಅದರೊಳಗೆ ಹುಳುವಿನಂಥ ಪುಟಾಣಿ ಆಕಾರಗಳನ್ನೂ, ಬ್ಯಾಕ್ಟೀರಿಯಾ ಮಾಡುವಂಥ ಮ್ಯಾಗ್ನೆಟೈಟ್ ಹರಳುಗಳನ್ನೂ ತೋರಿಸಿತು. ಅಮೆರಿಕದ ಅಧ್ಯಕ್ಷರು ಮೈಕ್ ಮುಂದೆ ನಿಂತು ಮಾತಾಡಿದರು. ಆಮೇಲಿನ ವರ್ಷಗಳಲ್ಲಿ ಆ ಒಂದೊಂದು ಗುರುತಿಗೂ ಜೀವ ಬೇಡದ ವಿವರಣೆ ಸಿಕ್ಕಿತು. ನಷ್ಟ ಅಂತೇನೂ ಆಗಲಿಲ್ಲ, ಯಾಕೆಂದರೆ ಆ ಜಗಳದಿಂದಲೇ ಈ ಕ್ಷೇತ್ರ ದೊಡ್ಡದಾಯಿತು. ನನ್ನಂಥವರಿಗೆ ಕೆಲಸ ಸಿಕ್ಕಿದ್ದಕ್ಕೂ ಆ ಕಲ್ಲೇ ಕಾರಣ ಅನ್ನಬಹುದು.

ಇನ್ನೊಂದು ಮಾತು, ಪತ್ರಿಕೆಗಳಲ್ಲಿ ಬರಲೇ ಇಲ್ಲ. ಪರ್ಸಿವರೆನ್ಸ್ ಹೊತ್ತುಕೊಂಡು ಹೋದ 43 ಕೊಳವೆಗಳಲ್ಲಿ ಐದು ಕಲ್ಲು ತುಂಬಲು ಅಲ್ಲವೇ ಅಲ್ಲ. ಅವು ಸಾಕ್ಷಿ ಕೊಳವೆಗಳು. ಅವನ್ನು ಮಂಗಳದಲ್ಲಿ ತೆರೆಯುತ್ತಾರೆ, ಕಲ್ಲು ಕೊರೆಯುವಾಗ ಮಾಡುವ ಎಲ್ಲ ಕೆಲಸ ಮಾಡುತ್ತಾರೆ, ಕಲ್ಲು ಹಾಕದೆ ಮುಚ್ಚುತ್ತಾರೆ. ಭೂಮಿಯಿಂದ ರೋವರ್‌ಗೆ ಏನು ಅಂಟಿಕೊಂಡು ಹೋಗಿತ್ತು ಅಂತ ಅವು ಹೇಳುತ್ತವೆ. ಕೋಟ್ಯಂತರ ಕಿಲೋಮೀಟರ್ ದೂರಕ್ಕೆ ಖಾಲಿ ಕೊಳವೆ ಹೊತ್ತುಕೊಂಡು ಹೋಗುವುದು, ಅಲ್ಲಿ ತೆರೆದು ಮುಚ್ಚುವುದು! ಮೊದಲ ಸಲ ಓದಿದಾಗ ನನಗೆ ನಮ್ಮ ಮೇಡಂ ನೆನಪಾದರು.

ಮಂಗಳದ ಮೀಥೇನ್ ಕಥೆಯೂ ಇದೇ ಜಾತಿಯದು, ಬೇಗ ಹೇಳಿ ಮುಗಿಸುತ್ತೇನೆ. ಭೂಮಿಯಲ್ಲಿ ಆ ಅನಿಲವನ್ನು ಸೂಕ್ಷ್ಮಜೀವಿಗಳೂ ಮಾಡುತ್ತವೆ, ಅದಕ್ಕೇ ಕುತೂಹಲ. ಕ್ಯೂರಿಯಾಸಿಟಿ ರೋವರ್‌ಗೆ ನೆಲದ ಹತ್ತಿರ ಸ್ವಲ್ಪ ಮೀಥೇನ್ ಕಾಣುತ್ತದೆ, ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಮೇಲೆ ಸುತ್ತುತ್ತಿರುವ ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್‌ಗೆ, ಅದು ಇನ್ನೂ ಸೂಕ್ಷ್ಮ ಆಗಿದ್ದರೂ, ಏನೂ ಕಾಣುವುದಿಲ್ಲ. ರೋವರ್ ತನ್ನೊಳಗಿಂದಲೇ ಸೋರುವ ಅನಿಲವನ್ನು ತಾನೇ ಮೂಸುತ್ತಿದೆಯಾ ಅನ್ನುವ ಅನುಮಾನ ಕೂಡ ಇದೆ. ತೀರ್ಮಾನ ಆಗಿಲ್ಲ.

ಶುಕ್ರದ್ದು ಬೇರೆ ರೀತಿ. ಅಲ್ಲಿ ಸಿಕ್ಕಿತು ಅಂದದ್ದು ಫಾಸ್ಫೀನ್, ಭೂಮಿಯಲ್ಲಿ ಗಾಳಿ ಸೇರದ ಕಡೆಯ ಸೂಕ್ಷ್ಮಜೀವಿಗಳ ಜೊತೆ ಕಾಣುವ ಅನಿಲ, 100 ಕೋಟಿ ಅಣುಗಳಲ್ಲಿ 20ರಷ್ಟು. ಜೇನ್ ಗ್ರೀವ್ಸ್ ಅವರ ತಂಡ ಎರಡು ಬೇರೆ ಬೇರೆ ಟೆಲಿಸ್ಕೋಪುಗಳಲ್ಲಿ ನೋಡಿತ್ತು, ಹಾಗಾಗಿ ಗಟ್ಟಿ ಅನ್ನಿಸಿತು. ಆಮೇಲೆ ಅದರಲ್ಲೊಂದು, ಆಲ್ಮಾ ದೂರದರ್ಶಕ, ತನ್ನ ಅಳತೆಗಳನ್ನು ಸರಿಪಡಿಸಿ ಮತ್ತೆ ಕೊಟ್ಟಾಗ 20 ಇದ್ದದ್ದು 1ರಿಂದ 4ಕ್ಕೆ ಇಳಿಯಿತು. ಇನ್ನು ಕೆಲವರು ಅದು ಫಾಸ್ಫೀನ್ ಅಲ್ಲವೇ ಅಲ್ಲ, ಶುಕ್ರದಲ್ಲಿ ಹೇಗೂ ತುಂಬಿರುವ ಗಂಧಕದ ಡೈಆಕ್ಸೈಡ್ ಅಂದರು. ವಾದ ಇನ್ನೂ ನಡೆಯುತ್ತಿದೆ, ಟಿವಿ ಮಾತ್ರ ಎದ್ದು ಹೋಗಿದೆ.

ಕೆ2-18ಬಿ ಬಗ್ಗೆ ನಿಧಾನವಾಗಿ ಹೇಳಬೇಕು. ಅದು 124 ಜ್ಯೋತಿರ್ವರ್ಷ ದೂರ. ಅದರ ಫೋಟೋ ಯಾರ ಹತ್ತಿರವೂ ಇಲ್ಲ. ಸುದ್ದಿ ಜೊತೆ ಬಂದ ನೀಲಿ ಗ್ರಹ, ಅಲೆ, ಮೋಡ ಎಲ್ಲ ಚಿತ್ರಕಾರರ ಕೈಚಳಕ. ಭೂಮಿಗಿಂತ ಎರಡೂವರೆ ಪಟ್ಟು ಅಗಲ, ಎಂಟೂವರೆ ಪಟ್ಟಿಗೂ ಜಾಸ್ತಿ ತೂಕ, 33 ದಿನಕ್ಕೊಮ್ಮೆ ತನ್ನ ಕೆಂಪು ನಕ್ಷತ್ರದ ಮುಂದೆ ಹಾದು ಹೋಗುತ್ತದೆ. ಹಾಗೆ ಹಾದುಹೋಗುವಾಗ ನಕ್ಷತ್ರದ ಬೆಳಕು ನೂರಕ್ಕೆ ಅರ್ಧ ಪಾಲೂ ಅಲ್ಲ, ಅದಕ್ಕಿಂತ ಕಡಿಮೆ ಮಂಕಾಗುತ್ತದೆ. ಆ ಸಣ್ಣ ಮಂಕಿನಲ್ಲೂ ಬಹುಪಾಲು ಗ್ರಹದ ಗಟ್ಟಿ ನೆರಳು. ಅಂಚಿನಲ್ಲಿರುವ ತೆಳು ಗಾಳಿಯ ಪದರದಲ್ಲಿ ತೂರಿ ಬರುವ ಬೆಳಕಿನ ಚೂರು ಇದೆಯಲ್ಲ, ಅದರಲ್ಲಿ ಯಾವ ಬಣ್ಣ ಎಷ್ಟು ಕಡಿಮೆ ಅಂತ ಅಳೆದು, ಗಾಳಿಯಲ್ಲಿ ಏನಿದೆ ಅಂತ ಊಹಿಸಬೇಕು.

ಇದೇ ಉಪಾಯದಿಂದ 2023ರಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡಕ್ಕೆ ಮೀಥೇನ್, ಇಂಗಾಲದ ಡೈಆಕ್ಸೈಡ್ ಸಿಕ್ಕವು. 2025ರ ಏಪ್ರಿಲ್‌ನಲ್ಲಿ ಅವರು ಇನ್ನೂ ಮುಂದೆ ಹೋಗಿ ಡೈಮಿಥೈಲ್ ಸಲ್ಫೈಡ್ ಅಥವಾ ಅದರ ದಾಯಾದಿ ಅಣುವಿನ ಗುರುತು ಇದೆ ಅಂದರು. ಭೂಮಿಯಲ್ಲಿ ಆ ಅನಿಲ ಬರುವುದು ಹೆಚ್ಚಾಗಿ ಸಮುದ್ರದ ಸೂಕ್ಷ್ಮ ಸಸ್ಯಗಳಿಂದ, ಕಡಲ ತೀರದ ವಾಸನೆಯಲ್ಲಿ ಅದರ ಪಾಲೂ ಇದೆ. ನಿಖರತೆ ಮೂರು ಸಿಗ್ಮಾ ಅಂದರು. ಪತ್ರಿಕೆಗಳು ಅದನ್ನು "ಶೇ. 99.7 ಖಚಿತ" ಅಂತ ಬರೆದವು.

ಇದು ತಪ್ಪು ತಿಳಿವಳಿಕೆ. ಮೂರು ಸಿಗ್ಮಾ ಅಂದರೆ, ಅಲ್ಲಿ ಏನೂ ಇಲ್ಲದಿದ್ದರೂ ಬರೀ ಅಳತೆಯ ಗಲಿಬಿಲಿಯಿಂದ ಇಂಥ ಏರಿಳಿತ ಸಾವಿರದಲ್ಲಿ ಮೂರು ಸಲ ಕಾಣಬಹುದು ಅಂತ ಅರ್ಥ. ಕಂಡದ್ದು ಆ ಅಣುವೇ ಅಂತಲೂ ಅದು ಹೇಳುವುದಿಲ್ಲ, ಆ ಅಣುವನ್ನು ಮಾಡಿದ್ದು ಜೀವ ಅಂತಂತೂ ಮೊದಲೇ ಹೇಳುವುದಿಲ್ಲ. ಬೇರೆ ತಂಡಗಳು ಅದೇ ಅಳತೆ ತೆಗೆದುಕೊಂಡು ತಮ್ಮ ರೀತಿ ಲೆಕ್ಕ ಹಾಕಿದವು. ಬೇರೆ ಅಣುಗಳನ್ನು ಇಟ್ಟರೂ ಹೊಂದುತ್ತದೆ, ಏನೂ ಇಲ್ಲದ ನೇರ ಗೆರೆ ಎಳೆದರೂ ಹೊಂದುತ್ತದೆ ಅಂದವು. ಅಷ್ಟರಲ್ಲೇ 67ಪಿ ಎಂಬ ಧೂಮಕೇತುವಿನಲ್ಲೂ ಅದೇ ಡೈಮಿಥೈಲ್ ಸಲ್ಫೈಡ್ ಇದೆ ಅಂತ ರೊಸೆಟ್ಟಾ ನೌಕೆಯ ಹಳೆಯ ಅಳತೆಗಳಿಂದ ಗೊತ್ತಾಗಿತ್ತು. ಧೂಮಕೇತುವಿನಲ್ಲಿ ಸಮುದ್ರವೂ ಇಲ್ಲ, ಪಾಚಿಯೂ ಇಲ್ಲ. ಆ ಅಣು ಸಿಕ್ಕರೆ ಜೀವ ಸಿಕ್ಕಂತೆ ಅನ್ನುವ ಸಮೀಕರಣವೇ ಅಲ್ಲಿಗೆ ಅಲುಗಾಡಿತು.

ಹಾಗಾದರೆ ದೂರದಿಂದ ನೋಡಿ ಜೀವ ಇದೆ ಅಂತ ಹೇಳಲಿಕ್ಕೇ ಬರುವುದಿಲ್ವಾ ಅಂತ ಕೇಳಬಹುದು. ಇದನ್ನು ಒಮ್ಮೆ ನಿಜವಾಗಿ ಪರೀಕ್ಷೆ ಮಾಡಿದ್ದಾರೆ. ಗುರು ಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆ ವೇಗ ಪಡೆಯಲು 1990ರ ಡಿಸೆಂಬರ್‌ನಲ್ಲಿ ಭೂಮಿಯ ಪಕ್ಕದಲ್ಲೇ ಹಾದುಹೋಯಿತು. ಕಾರ್ಲ್ ಸೇಗನ್ ಮತ್ತು ಜೊತೆಗಾರರು ಅದರ ಉಪಕರಣಗಳನ್ನೆಲ್ಲ ಭೂಮಿಯ ಕಡೆ ತಿರುಗಿಸಿ, ನಮಗೆ ಏನೂ ಗೊತ್ತಿಲ್ಲ ಅಂದುಕೊಂಡು ನೋಡೋಣ ಅಂದರು. ಆಮ್ಲಜನಕ ರಾಶಿ ಕಂಡಿತು, ಅದರ ಜೊತೆಗೇ ಮೀಥೇನ್. ಇವೆರಡೂ ಒಟ್ಟಿಗೆ ಬಾಳುವಂಥವಲ್ಲ, ಒಂದನ್ನೊಂದು ತಿಂದು ಮುಗಿಸುತ್ತವೆ. ಆದರೂ ಎರಡೂ ಇವೆ ಅಂದರೆ ಯಾರೋ ಎಡೆಬಿಡದೆ ತುಂಬಿಸುತ್ತಿರಬೇಕು. ನೆಲದಲ್ಲಿ ಕೆಂಪು ಬೆಳಕನ್ನು ಹೀರುವ ಏನೋ ಹರಡಿದೆ ಅಂತಲೂ ಕಂಡಿತು, ಗಿಡಮರ ಬಿಟ್ಟು ಅಂಥ ಕಲ್ಲು ಯಾವುದೂ ಗೊತ್ತಿಲ್ಲ. ರೇಡಿಯೋದಲ್ಲಿ ತನ್ನಷ್ಟಕ್ಕೆ ಹುಟ್ಟಲಾರದ ಸಂಕೇತಗಳು ಕೇಳಿದವು. ತಮಾಷೆ ಅಂದರೆ, ಫೋಟೋಗಳನ್ನು ನೋಡಿ ಇಲ್ಲಿ ಬುದ್ಧಿವಂತರಿದ್ದಾರೆ ಅಂತ ಹೇಳಲು ಆಗಲಿಲ್ಲ.

ನಾವು ಇಷ್ಟು ಜನ ಇದ್ದು, ನೌಕೆ ಪಕ್ಕದಲ್ಲೇ ಹಾದು ಹೋಗಿ, ಆಗ ಸಿಕ್ಕ ಉತ್ತರ "ಜೀವ ಇರಬೇಕು, ಬಹುಶಃ". ಇನ್ನು 124 ಜ್ಯೋತಿರ್ವರ್ಷದ ಆಚೆ ಒಂದೇ ಒಂದು ಅನಿಲದಿಂದ ತೀರ್ಮಾನಿಸಬೇಕಾದರೆ? ಅಷ್ಟೇ ಅಲ್ಲ, ಸುಮಾರು 240 ಕೋಟಿ ವರ್ಷದ ಹಿಂದಿನ ತನಕ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲೇ ಇಲ್ಲ ಅನ್ನುವಷ್ಟು ಕಡಿಮೆ ಇತ್ತು, ಜೀವ ಮಾತ್ರ ಅದಕ್ಕೂ ಎಷ್ಟೋ ಮೊದಲಿನಿಂದ ಇತ್ತು. ಆಗ ಯಾರಾದರೂ ದೂರದಿಂದ ನೋಡಿದ್ದರೆ ಖಾಲಿ ಗ್ರಹ ಅಂತ ಬರೆದು ಮುಂದೆ ಹೋಗುತ್ತಿದ್ದರು.

ರೇಡಿಯೋ ಸಂಕೇತ ಹುಡುಕುವವರ ಪಾಡೂ ಇದೇ. 1960ರಲ್ಲಿ ಫ್ರ್ಯಾಂಕ್ ಡ್ರೇಕ್ ಎರಡು ನಕ್ಷತ್ರಗಳತ್ತ ಆಂಟೆನಾ ತಿರುಗಿಸಿದಾಗಿನಿಂದ ಕೇಳುತ್ತಲೇ ಇದ್ದೇವೆ. ಅವರ ಬ್ಲ್ಯಾಂಕ್ ಯಾವುದು ಗೊತ್ತಾ? ಸ್ವಲ್ಪ ಹೊತ್ತು ನಕ್ಷತ್ರದ ಕಡೆ ನೋಡುತ್ತಾರೆ, ಸ್ವಲ್ಪ ಹೊತ್ತು ಬೇಕಂತಲೇ ಪಕ್ಕಕ್ಕೆ ನೋಡುತ್ತಾರೆ. ಪಕ್ಕಕ್ಕೆ ನೋಡಿದಾಗಲೂ ಸಂಕೇತ ಬರುತ್ತಿದ್ದರೆ ಅದು ನಮ್ಮದೇ ಗದ್ದಲ. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕಕ್ಕೆ ನಮ್ಮ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯ ದಿಕ್ಕಿನಿಂದ 982 ಮೆಗಾಹರ್ಟ್ಸ್‌ನಲ್ಲಿ ಬಂದ ಒಂದು ಸಂಕೇತ ಈ ಪರೀಕ್ಷೆಯನ್ನೂ ದಾಟಿಬಿಟ್ಟಿತ್ತು. ತಿಂಗಳುಗಟ್ಟಲೆ ಕೆದಕಿದ ಮೇಲೆ ಅದೇ ಚಹರೆಯ ಸಂಕೇತಗಳು ಬೇರೆ ಕಂಪನಾಂಕಗಳಲ್ಲಿ ಸಿಕ್ಕವು, ನಕ್ಷತ್ರದ ಕಡೆ ನೋಡದಾಗಲೂ. ಭೂಮಿಯದೇ ಯಾವುದೋ ಯಂತ್ರ. ಇದೇ ದೂರದರ್ಶಕದಲ್ಲಿ ಪೆರಿಟಾನ್ ಎಂಬ ಇನ್ನೊಂದು ಬಗೆಯ ಮಿಡಿತಗಳು ವರ್ಷಗಟ್ಟಲೆ ತಲೆ ತಿಂದಿದ್ದವು. ಅವನ್ನು ಯಾರೂ ಅನ್ಯಲೋಕದವರ ತಲೆಗೆ ಕಟ್ಟಲಿಲ್ಲ ಅನ್ನಿ, ಆದರೆ ಎಲ್ಲಿಂದ ಬರುತ್ತವೆ ಅಂತಲೂ ತಿಳಿಯದು. 2015ರಲ್ಲಿ ಸಿಕ್ಕಿಬಿತ್ತು: ವೀಕ್ಷಣಾಲಯದ ಸಿಬ್ಬಂದಿ ಮೈಕ್ರೋವೇವ್ ಓವನ್ ನಿಲ್ಲುವ ತನಕ ಕಾಯದೆ ಬಾಗಿಲು ಎಳೆದಾಗಲೆಲ್ಲ ಒಂದು ಮಿಡಿತ.

ಕೊನೆಗೆ ನಿಮ್ಮ ದೊಡ್ಡ ಪ್ರಶ್ನೆ, ಬದುಕಿರುವಾಗ ಉತ್ತರ ಸಿಗುತ್ತದಾ ಅನ್ನುವುದು. ದೂರದ ಗ್ರಹಗಳಿಂದ ಬೇಗ ಸಿಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. 6000ಕ್ಕೂ ಹೆಚ್ಚು ಗ್ರಹ ಗೊತ್ತಿದ್ದರೂ ಒಂದಕ್ಕೂ ಹೋಗಿ ಮುಟ್ಟಿ ನೋಡಲು ಆಗುವುದಿಲ್ಲ. ವಾಯೇಜರ್-1 ಹೋಗುತ್ತಿರುವ ವೇಗದಲ್ಲಿ ಹೋದರೆ ಪ್ರಾಕ್ಸಿಮಾಗೇ 70 ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ಮಂಗಳದ ಚುಕ್ಕೆ ಕಲ್ಲಿನ ತುಂಡು ರೋವರ್‌ನ ಹೊಟ್ಟೆಯಲ್ಲೇ ಕೂತಿದೆ, ತರುವ ಯೋಜನೆ ಹಣದ ತಕರಾರಿನಲ್ಲಿ ಸಿಕ್ಕಿಕೊಂಡಿದೆ. ಬೇರೆ ಜಾಗದಿಂದ ಮಂಗಳದ ಮಣ್ಣು ತರಲು ಚೀನಾ ತಿಯಾನ್‌ವೆನ್-3 ನೌಕೆಯನ್ನು 2028ರ ಸುಮಾರಿಗೆ ಹಾರಿಸಬೇಕು ಅಂತಿದೆ. ಗುರುವಿನ ಉಪಗ್ರಹ ಯುರೋಪಾಗೆ ಹೊರಟಿರುವ ಕ್ಲಿಪ್ಪರ್ 2030ರಲ್ಲಿ ತಲುಪುತ್ತದೆ. ಅದು ಜೀವ ಹುಡುಕುವ ನೌಕೆ ಅಲ್ಲ, ಹಿಮದ ಕೆಳಗಿನ ಸಮುದ್ರ ಜೀವಕ್ಕೆ ಹದವಾಗಿದೆಯಾ ಅಂತ ನೋಡುವುದು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಆ ವರ್ಷ ಟಿವಿ ಖಂಡಿತ ಮರೆಯುತ್ತದೆ.

ನನ್ನ ಬಾಜಿ ಶನಿಯ ಉಪಗ್ರಹ ಎನ್ಸೆಲಡಸ್ ಮೇಲೆ. ಅಡ್ಡಳತೆ ಬರೀ 500 ಕಿಲೋಮೀಟರ್, ಮೇಲೆ ಹಿಮ, ಒಳಗೆ ಉಪ್ಪು ನೀರಿನ ಸಮುದ್ರ, ದಕ್ಷಿಣ ಧ್ರುವದ ಬಿರುಕುಗಳಿಂದ ಆ ನೀರು ತಾನಾಗಿ ಆಕಾಶಕ್ಕೆ ಚಿಮ್ಮುತ್ತದೆ. ಕೊರೆಯುವುದು ಬೇಡ, ಇಳಿಯುವುದೂ ಬೇಡ, ಚಿಲುಮೆಯೊಳಗೆ ಹಾದು ಹೋದರೆ ಸ್ಯಾಂಪಲ್ ಕೈಗೆ ಬಂತು. ಕ್ಯಾಸಿನಿ ನೌಕೆ ಹಾಗೇ ಹಾದುಹೋಗಿ ಉಪ್ಪು, ಇಂಗಾಲದ ಅಣುಗಳನ್ನು ಕಂಡಿತು, ಹೈಡ್ರೋಜನ್ ಅನಿಲವನ್ನೂ ಕಂಡಿತು. ಭೂಮಿಯ ಕಡಲ ತಳದಲ್ಲಿ ಕೆಲವು ಸೂಕ್ಷ್ಮಜೀವಿಗಳು ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿಸಿ ಮೀಥೇನ್ ಮಾಡಿಯೇ ಹೊಟ್ಟೆ ಹೊರೆಯುತ್ತವೆ. ಜೀವಕ್ಕೆ ಬೇಕಾದವುಗಳಲ್ಲಿ ಫಾಸ್ಫೇಟ್ ಒಂದು ಸಿಕ್ಕಿರಲಿಲ್ಲ, ಹಳೆಯ ಅಳತೆಗಳನ್ನು ಮತ್ತೆ ಜಾಲಾಡಿದಾಗ 2023ರಲ್ಲಿ ಅದೂ ಸಿಕ್ಕಿತು. ಆದರೆ ಕ್ಯಾಸಿನಿಯಲ್ಲಿ ಎಡಬಲ ಅಳೆಯುವ ಉಪಕರಣ ಇರಲಿಲ್ಲ. ಯಾರಿಗೆ ಗೊತ್ತಿತ್ತು, ಹೊರಟದ್ದು 1997ರಲ್ಲಿ, ಚಿಲುಮೆ ಕಂಡದ್ದು 2005ರಲ್ಲಿ. ಇಂಧನ ಮುಗಿಯುತ್ತಾ ಬಂದಾಗ 2017ರ ಸೆಪ್ಟೆಂಬರ್ 15ರಂದು ಅದನ್ನು ಶನಿಯೊಳಗೆ ಬೀಳಿಸಿ ಸುಟ್ಟರು. ಎಂದಾದರೂ ಎನ್ಸೆಲಡಸ್‌ಗೆ ಡಿಕ್ಕಿ ಹೊಡೆದು, ನಮ್ಮ ಬ್ಯಾಕ್ಟೀರಿಯಾ ಅಲ್ಲಿ ಸೇರಿ, ಮುಂದೆ ಹೋದವರು ಅದನ್ನೇ ಕಂಡು ಕುಣಿಯಬಾರದು ಅಂತ.

ಯುರೋಪಿನ ಬಾಹ್ಯಾಕಾಶ ಸಂಸ್ಥೆ ಅಲ್ಲಿಗೆ 2040ರ ದಶಕದಲ್ಲಿ ನೌಕೆ ಕಳಿಸುವ ಯೋಚನೆಯಲ್ಲಿದೆ. ಶನಿ ತಲುಪಲು ಮತ್ತೆ ಎಷ್ಟೋ ವರ್ಷ. ಆ ಹೊತ್ತಿಗೆ ನಾನು ಪ್ರಯೋಗಾಲಯದ ಕಡೆ ತಲೆ ಹಾಕುವ ವಯಸ್ಸಿನಲ್ಲಿ ಇರುವುದಿಲ್ಲ. ಆ ಚಿಲುಮೆಯ ನೀರಿನಲ್ಲಿ ಅಮೈನೋ ಆಮ್ಲ ಸಿಕ್ಕು, ಅದು ಒಂದೇ ಕೈಯದ್ದಾಗಿದ್ದು, ಬ್ಲ್ಯಾಂಕ್ ಹಾಕಿದಾಗ ಏನೂ ಏಳದೆ ಗೆರೆ ಮಟ್ಟಸವಾಗಿದ್ದರೆ ನಾನು ನಂಬುತ್ತೇನೆ. ಅದರಲ್ಲೂ ಆ ಕೈ ಬಲಗೈ ಆಗಿದ್ದರೆ ಇನ್ನೂ ಒಳ್ಳೆಯದು, ಆಗ ಯಾರ ಬೆರಳು ಅಂತ ಕೇಳುವ ಹಾಗೇ ಇಲ್ಲ.